ಬಸವನ ಕೊಳದ ಹನ್ನೆರಡು ಚೌಕ

ಲಕ್ನೋ
10.10.1994

ಅಪ್ಪನಿಗೆ ಭಾನುವಿನ ನಮಸ್ಕಾರ.

ನೀವು ಕಳಿಸಿದ ಸೆಪ್ಟೆಂಬರಿನ ಎಣಿಕೆ ಮೊನ್ನೆ ಕೈಸೇರಿತು. ಏಳನೇ ಚೌಕದಲ್ಲಿ ನೂರಕ್ಕೆ ಎಂಬತ್ತೊಂದು ಮನೆ ಹಾವಸೆ ಹಸಿರು ಎಂದು ಓದಿದವಳೇ ನಮ್ಮ ಸಂಶೋಧನೆಯ ಮೇಷ್ಟ್ರ ಕೋಣೆಗೆ ಓಡಿದೆ. "ಇದನ್ನು ಎಣಿಸುವವರು ಯಾರು?" ಎಂದು ಕೇಳಿದರು. ಗುಂಡ್ಲುಪೇಟೆ ತಾಲ್ಲೂಕು ಕಚೇರಿಯ ಅಟೆಂಡರು, ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುವವರು, ನಮ್ಮಪ್ಪ ಎಂದೆ. "ಹಾಗಾದರೆ ಅನುಮಾನವಿಲ್ಲ" ಎಂದರು. ಆ ಮನುಷ್ಯ ಯಾರನ್ನೂ ಹೊಗಳುವುದಿಲ್ಲ ಅಪ್ಪ. ನೀವು ಒಂದು ದಿನ ಜಂಬ ಮಾಡಬಹುದು.

ಇನ್ನು ಆರೇ ತಿಂಗಳು. ಹಂಗಳದ ಬಸವನ ಕೊಳದ ಮೆಟ್ಟಿಲುಗಳಲ್ಲಿ ನಾವಿಬ್ಬರೂ ಮೂಲೆಗೊಂದು ಬಿಳಿ ಚುಕ್ಕಿ ಇಟ್ಟು ಹನ್ನೆರಡು ಚೌಕ ಗುರುತು ಮಾಡಿದ್ದು 1992ರ ಏಪ್ರಿಲ್‌ನಲ್ಲಿ. ಬರುವ ಮಾರ್ಚಿಗೆ ಮೂರು ವರ್ಷ ತುಂಬುತ್ತದೆ. ಮಳೆಯಲ್ಲಿ ಹಾವಸೆ ಎಷ್ಟು ಮನೆ ಹಬ್ಬಿತು, ಬೇಸಿಗೆಯಲ್ಲಿ ಎಷ್ಟು ಮನೆ ಕಪ್ಪಗಾಗಿ ಕುಗ್ಗಿತು, ಮತ್ತೆ ಎಷ್ಟು ಮರಳಿ ಬಂತು ಎಂಬುದನ್ನು ಒಂದೇ ಕಲ್ಲಿನ ಮೇಲೆ ಮೂರು ವರ್ಷ ಬಿಡದೆ ನೋಡಿದವರು ಕಡಿಮೆ. ಈ ಜಾತಿಯ ಹಾವಸೆ ಅಷ್ಟು ಕಡಿಮೆ ಮಳೆಯ ಜಾಗದಲ್ಲಿ ಬದುಕಿರುವುದೇ ಇವರಿಗೆಲ್ಲ ಆಶ್ಚರ್ಯ. ಮಾರ್ಚಿಗೆ ನನ್ನ ವಿದ್ಯಾರ್ಥಿವೇತನ ನಿಲ್ಲುತ್ತದೆ. ಹಾಗಾಗಿ ಒಂದು ತಿಂಗಳೂ ತಪ್ಪುವಂತಿಲ್ಲ. ಚೌಕದ ಮೇಲಿಟ್ಟು ಎಣಿಸುವ ನೂರು ಮನೆಯ ಪಾರದರ್ಶಕ ಹಾಳೆ ಹರಿದಿದ್ದರೆ ಹೇಳಿ, ಬೇರೆ ಕಳಿಸುತ್ತೇನೆ.

ದೀಪಾವಳಿಗೆ ಬರಲು ಆಗುವುದಿಲ್ಲ. ಅವ್ವ ಬೇಜಾರು ಮಾಡಿಕೊಂಡಾಳು. ನನ್ನ ಓದೆಲ್ಲ ಬಸವನ ಕೊಳದ ಮೆಟ್ಟಿಲ ಮೇಲೆ ನಿಂತಿದೆ, ಹರಸಲಿ ಎಂದು ಹೇಳಿ. ಏನು ಓದುತ್ತಾಳೆ ಎಂದು ಕೇಳಿದರೆ ಯಾವಾಗಿನಂತೆ "ಗಿಡ" ಎಂದುಬಿಡಿ. ಪಾಚಿ ಎಂದರೆ ಕೇರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ನಿಮ್ಮ
ಭಾನು


ಗುಂಡ್ಲುಪೇಟೆ
2.11.1994

ಮಗಳು ಭಾನುಗೆ,

ನಾವು ಚೆನ್ನಾಗಿದ್ದೇವೆ. ನೀನು ಹೇಳಿದಂತೆ ಒಂದು ದಿನ ಜಂಬ ಮಾಡಿದೆ. ಶಿರಸ್ತೇದಾರರಿಗೆ ಹೇಳಿದರೆ "ಪಾಚಿ ಎಣಿಸಕ್ಕೆ ಲಕ್ನೋಗೆ ಹೋಗ್ಬೇಕೇನಯ್ಯ, ನಮ್ಮ ಕಚೇರಿ ಹಿಂದಿನ ನೀರಿನ ತೊಟ್ಟಿ ಸಾಲದಾ?" ಎಂದರು. ನನಗೂ ನಗು ಬಂತು, ಸಿಟ್ಟೂ ಬಂತು. ಎರಡನೆಯದನ್ನು ನುಂಗಿಕೊಂಡೆ.

ಭಾನುವಾರ ಕೊಳಕ್ಕೆ ಹೋಗಿ ಎಣಿಸಿದ್ದೇನೆ. ಹನ್ನೆರಡೂ ಚೌಕದ ಎಣಿಕೆ ಬೇರೆ ಹಾಳೆಯಲ್ಲಿದೆ. ಏಳನೆಯದು ಎಂಬತ್ನಾಲ್ಕು. ಅದು ನಮ್ಮ ಮನೆಯ ಒಳ್ಳೇ ಮಗು ಕಣಮ್ಮ. ನಾಲ್ಕನೆಯದು ಮಾತ್ರ ಸೋಮಾರಿ, ಇದ್ದಲ್ಲೇ ಇದೆ.

ನಿನ್ನ ಕಾಗದದಲ್ಲಿ ನಿಮ್ಮವ್ವನಿಗೆ ಎಂದು ಬರೆದಷ್ಟನ್ನು ಅವಳಿಗೆ ಓದಿ ಹೇಳಿದೆ. ಓದು ಕೊಳದ ಮೆಟ್ಟಿಲ ಮೇಲೆ ನಿಂತಿದೆ ಎಂಬಲ್ಲಿ ನಿಲ್ಲಿಸಿ ಇನ್ನೊಂದು ಸಲ ಓದು ಎಂದಳು. ಆಮೇಲೆ "ಆ ಗಿಡದಲ್ಲಿ ಯಾವ ಬಣ್ಣದ ಊವು ಬುಡ್ತದೆ?" ಎಂದು ಕೇಳಿದಳು. ಹೂವಿಲ್ಲದ ಗಿಡ ಎಂದೆ. "ಪಾಪ" ಎಂದಳು. ಈ ಕಾರ್ತಿಕದ ಸೋಮವಾರಗಳಲ್ಲಿ ನಿನಗಾಗಿ ಏನೋ ಹರಕೆ ಹೊತ್ತಿದ್ದಾಳೆ. ಏನು ಎಂದು ಕೇಳಲಿಲ್ಲ. ಹರಕೆಯನ್ನು ಬಾಯಿಬಿಟ್ಟು ಹೇಳಬಾರದಂತೆ.

ನಾಳೆ ಹಬ್ಬ. ನಿನಗೆ ಅಂತ ಒಂದು ಪಾಲು ಕಜ್ಜಾಯ ತೆಗೆದಿಟ್ಟು ನಾಲ್ಕನೇ ದಿನ ನಾನೇ ತಿನ್ನುತ್ತೇನೆ, ಪ್ರತಿ ವರ್ಷದಂತೆ.

ಇಂತಿ ಅಪ್ಪ
ಶಾಂತರಾಜು


ಗುಂಡ್ಲುಪೇಟೆ
28.11.1994, ಸೋಮವಾರ

ಭಾನು,

ಇದನ್ನು ಒಂದು ಕಡೆ ಕೂತು ಓದು.

ನಿನ್ನೆ ಹಂಗಳದಲ್ಲಿ ಬಸ್ಸಿಳಿದು ಹಾಳೆ ಹಿಡಿದುಕೊಂಡು ಕೊಳಕ್ಕೆ ಹೋದೆ. ಬೇರೆ ಯಾವುದೋ ಕೊಳಕ್ಕೆ ಬಂದೆನೇನೋ ಅನ್ನಿಸಿತು. ಮೆಟ್ಟಿಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಅಂಚಿನಲ್ಲಿ ಹಣತೆ ಇಟ್ಟ ಎಣ್ಣೆಯ ಕಲೆ. ನಿನ್ನ ಬಿಳಿ ಚುಕ್ಕಿಗಳು ನಲವತ್ತೆಂಟೂ ಇದ್ದವು. ಅವುಗಳ ನಡುವೆ ಬರಿ ಕಲ್ಲಿತ್ತು. ಆದರೂ ಹಾಳೆ ಇಟ್ಟು ಒಂದೊಂದೇ ಚೌಕ ನೋಡಿದೆ. ಯಾಕೆ ನೋಡಿದೆನೋ ಗೊತ್ತಿಲ್ಲ. ಹನ್ನೆರಡು ಸೊನ್ನೆ ಬರೆದೆ.

ಅಂಗನವಾಡಿಯ ಸುಂದ್ರಮ್ಮ ದಾರಿಯಲ್ಲಿ ಸಿಕ್ಕಳು. "ಅಕ್ಕ ಮೂರು ಸ್ವಾಮಾರದಿಂದ ಬತ್ತಾವ್ರಲ್ಲಣ್ಣ, ನಿಮ್ಗೆ ಗೊತ್ತಿಲ್ವಾ? ಇಟ್ಟಿಗೆ ಪುಡಿ, ತೆಂಗಿನ ನಾರು ತಕ್ಕಬಂದು ಒಂದೊಂದು ಮೆಟ್ಲೂ ಉಜ್ಜಿ ಉಜ್ಜಿ ದೀಪ ಮಡಗವ್ರೆ. ಮಗಳ ಓದ್ಗೆ ಅಂತ ಅರಕೆಯಂತೆ" ಎಂದಳು.

ಮನೆಗೆ ಬಂದು ನಿಮ್ಮವ್ವನ ಮುಂದೆ ನಿಂತೆ. ನನ್ನ ಮುಖ ನೋಡಿ ಅವಳೇ ನಕ್ಕಳು. "ಗೊತ್ತಾಗೋಯ್ತಾ? ಮೆಟ್ಲ ಮ್ಯಾಲೆ ನನ್ ಮಗಳ ಓದು ನಿಂತದೆ ಅಂದ್ಮ್ಯಾಲೆ ಅದ್ನ ಪಾಚಿ ಕಟ್ಕಳಕ್ಕೆ ಬುಟ್ರೆ ಆದಾ? ಯಾವೋ ಪೋಲಿ ಐಕ್ಳು ಬಣ್ಣದ ಚುಕ್ಕಿ ಬೇರೆ ಮೆತ್ತವ್ರೆ. ಅದೊಂದು ಓಗ್ಲಿಲ್ಲ ಕನಾ" ಎಂದಳು.

ಇದನ್ನೂ ನೀನು ತಿಳಿದಿರಬೇಕು. ಅವಳು ಹಂಗಳದಲ್ಲಿ ಹುಡುಗಿಯಾಗಿದ್ದಾಗ ನಮ್ಮ ಕೇರಿಯವರು ಆ ಮೆಟ್ಟಿಲು ಇಳಿಯುವಂತಿರಲಿಲ್ಲ. ಬಿಂದಿಗೆ ಹಿಡಿದು ಮೇಲೆ ನಿಂತು, ಯಾರಾದರೂ ಬಂದು ನೀರು ಹುಯ್ಯುವ ತನಕ ಕಾಯಬೇಕಿತ್ತು. ಒಮ್ಮೊಮ್ಮೆ ಮಧ್ಯಾಹ್ನದವರೆಗೆ ಕಾದದ್ದುಂಟು. ಈಗ ಅದೇ ಮೆಟ್ಟಿಲಲ್ಲಿ ಅವಳು ಕೂತು ಉಜ್ಜುವಾಗ ದೊಡ್ಡ ಬೀದಿಯ ಹೆಂಗಸರು ನಿಂತು "ಒಳ್ಳೇ ಕೆಲ್ಸ ಮಾಡ್ತಿದ್ದೀಯ ಚಿಕ್ಕಮಾದಮ್ಮ" ಎಂದರಂತೆ. ಅದನ್ನು ನನಗೆ ಎರಡು ಸಲ ಹೇಳಿದಳು. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ. ನಾನಿದನ್ನು ಬರೆಯುತ್ತಿರುವಾಗ ನಾಲ್ಕನೇ ಸೋಮವಾರಕ್ಕೆ ಹೋಗಿದ್ದಾಳೆ.

ತಪ್ಪು ನಮ್ಮಿಬ್ಬರದು ಭಾನು. ಗಿಡ ಗಿಡ ಎಂದು ಹೇಳಿದವರು ನಾವು. ಸಿಟ್ಟು ಬರುತ್ತದೆ, ಬರಲಿ. ಎರಡು ದಿನ ಬಿಟ್ಟು ಕಾಗದ ಬರೆ.

ಅಪ್ಪ


ಲಕ್ನೋ
8.12.1994

ಅಪ್ಪ, ಇದನ್ನು ಅವ್ವನಿಗೆ ಓದಿ ಹೇಳಿ. ಒಂದು ಮಾತನ್ನೂ ಬಿಡಬೇಡಿ.

ಅವ್ವ, ನೀನು ಉಜ್ಜಿ ಹಾಕಿದ್ದು ಕೊಳೆಯನ್ನಲ್ಲ. ನನ್ನ ಎರಡು ವರ್ಷ ಏಳು ತಿಂಗಳನ್ನು. ನಾನು ಓದುತ್ತಿದ್ದದ್ದು ಆ ಪಾಚಿಯನ್ನೇ. ಅದು ಮತ್ತೆ ಬರುವುದಿಲ್ಲ, ನನಗೆ ಕಾಯಲು ಸಮಯವೂ ಇಲ್ಲ. ಹರಕೆ ಸಂದಿತು ಎಂದು ನಿನ್ನ ಬಸವಣ್ಣನಿಗೆ ಹೇಳು. ಅಕ್ಷರ ಗೊತ್ತಿಲ್ಲದವಳ ಹೊಟ್ಟೆಯಲ್ಲಿ ಹುಟ್ಟಿ ಓದಲು ಹೊರಟಿದ್ದು ನನ್ನ ತಪ್ಪು. ಇನ್ನು ಮೇಲೆ ನನಗಾಗಿ ಏನೂ ಮಾಡಬೇಡ.

ಭಾನು


ಗುಂಡ್ಲುಪೇಟೆ
20.12.1994

ಮಗಳು ಭಾನುಗೆ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಹೇಳಿದೆ. ನಿಮ್ಮವ್ವ ಕೇಳಿಸಿಕೊಂಡಳು. ಕಾಗದವನ್ನು ನನ್ನ ಕೈಯಿಂದ ಇಸಿದುಕೊಂಡು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಿನ್ನೆ ಸೋಮವಾರವೂ ಹಂಗಳಕ್ಕೆ ಹೋಗಿ ಬಂದಳು. ಕಾರ್ತಿಕ ಮುಗಿಯಿತಲ್ಲ ಎಂದರೆ, ನೀನು ಪಾಸಾಗುವವರೆಗೂ ಸೋಮವಾರ ತಪ್ಪಿಸುವುದಿಲ್ಲವಂತೆ. ನಿನಗೆ ಹುಚ್ಚೆಳ್ಳು ಪುಡಿ, ಹಿದುಕಿದ ಅವರೆಬೇಳೆ ಹುರಿದು ಕಟ್ಟಿದ್ದಾಳೆ. ಪಾರ್ಸೆಲ್ ಮಾಡಿದ್ದೇನೆ.

ನಿಮ್ಮ ಮೇಷ್ಟ್ರು ಏನೆಂದರು? ಒಂದು ವರ್ಷ ಹೆಚ್ಚಿಗೆ ಕೊಡುವುದಿಲ್ಲವೇ?

ಅಪ್ಪ


ಲಕ್ನೋ
6.1.1995

ಅಪ್ಪನಿಗೆ,

ಹೆಚ್ಚಿಗೆ ಕೊಡುವುದಿಲ್ಲ. ಕೊಳದ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಲು ಹೇಳಿದರು. ಮೂರು ವರ್ಷ ಎಂದು ಹೇಳಿಕೊಂಡ ಮೇಲೆ ಮೂರು ವರ್ಷ ಇರಬೇಕಂತೆ. ಮಿಕ್ಕಿದ್ದು ಬೇರೆಯವರು ಆಗಲೇ ಮಾಡಿರುವ ಕೆಲಸ. ಅದನ್ನೇ ಹೊಲಿದು ಒಂದು ಪ್ರಬಂಧ ಎಂದು ಕೊಡಬೇಕು.

ಓದಿ ಹೇಳಿದ ಮೇಲೂ ಅವ್ವ ಹೋಗುತ್ತಿದ್ದಾಳೆ ಎಂದರೆ ಏನರ್ಥ? ಅಷ್ಟೆಲ್ಲ ಕೇಳಿಯೂ ಮತ್ತೆ ಹೋಗಿ ಉಜ್ಜುತ್ತಿದ್ದಾಳೆಯೇ? ಅವಳು ಅತ್ತಿದ್ದರೆ, ಬೈದಿದ್ದರೆ, ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಪಾರ್ಸೆಲ್ ಬಂತು. ಹಾಸ್ಟೆಲಿನ ಹುಡುಗಿಯರಿಗೆ ಕೊಟ್ಟುಬಿಟ್ಟೆ. ಯುಗಾದಿಗೆ ಬರುವುದಿಲ್ಲ. ಅವಳು ನನಗೆ ಒಂದು ಮಾತು ಹೇಳಿ ಕಳಿಸುವವರೆಗೂ ಬರುವುದಿಲ್ಲ.

ಭಾನು


ಗುಂಡ್ಲುಪೇಟೆ
22.1.1995

ಭಾನು,

ಅವಳು ಹೇಳಿ ಕಳಿಸುವುದಿಲ್ಲ. ಏಕೆಂದರೆ ನಾನು ಓದಲಿಲ್ಲ.

ಅವತ್ತು ಅವಳು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಲಕ್ನೋ ಕಾಗದ ಎಂದ ಕೂಡಲೇ ಕೈ ಒರೆಸಿಕೊಂಡು ಸೆರಗು ಸರಿಮಾಡಿಕೊಂಡಳು, ನೀನೇ ಬಂದು ನಿಂತಿರುವ ಹಾಗೆ. ನಾನು ಕನ್ನಡಕ ಹಾಕಿಕೊಂಡೆ. ಮೊದಲ ಸಾಲು ನೋಡಿದೆ. ಬಾಯಿಂದ ಬೇರೆಯದೇ ಬಂತು. "ಅವ್ವ, ನೀನು ನನಗೋಸ್ಕರ ಮೆಟ್ಟಿಲು ಉಜ್ಜಿದೆಯಂತೆ, ಅಪ್ಪ ಬರೆದಿದ್ದರು, ಓದಿ ಕಣ್ಣಲ್ಲಿ ನೀರು ಬಂತು" ಎಂದೆ. ಶುರು ಮಾಡಿದ ಮೇಲೆ ನಿಲ್ಲಿಸಲು ಆಗಲಿಲ್ಲ. ಅಲ್ಲಿಯ ಚಳಿ, ನಿನ್ನ ಊಟ, ನಿನ್ನ ಸ್ನೇಹಿತೆಯರು, ಎಲ್ಲ ಹೇಳಿದೆ. ನಿನ್ನ ಕೈಲಿ ಅವಳ ಕಾಲಿಗೆ ನಮಸ್ಕಾರವನ್ನೂ ಮಾಡಿಸಿದೆ.

ಇಪ್ಪತ್ತೆರಡು ವರ್ಷದಲ್ಲಿ ಮಳೆ ಪುಸ್ತಕದಲ್ಲಿ ಒಂದು ಹನಿ ಸುಳ್ಳು ಬರೆದವನಲ್ಲ ನಾನು. ಸಾಹೇಬರು ಗದರಿಸಿದಾಗಲೂ ಬರೆಯಲಿಲ್ಲ. ಹೆಂಡತಿಯ ಮುಂದೆ ಮಗಳ ಕಾಗದವನ್ನು ಪೂರ್ತಿ ಸುಳ್ಳು ಓದಿದೆ.

ಅದಕ್ಕೇ ಅವಳು ಹೋಗುತ್ತಿದ್ದಾಳೆ. ನಿನಗೆ ಸಂತೋಷವಾಗಿದೆ ಎಂದುಕೊಂಡು ಹೋಗುತ್ತಿದ್ದಾಳೆ. ನಾನು ಮತ್ತೆ ಕೊಳದ ಕಡೆ ತಲೆ ಹಾಕಿಲ್ಲ, ಆ ಕಲ್ಲುಗಳನ್ನು ನೋಡಲು ನನ್ನ ಕೈಲಾಗದು. ಈಗ ನಿಜ ಹೇಳಬೇಕಾದರೆ ನಾನು ಸುಳ್ಳು ಓದಿದ್ದನ್ನೂ ಹೇಳಬೇಕು. ಎರಡು ಸಲ ಹೇಳಲು ಹೋಗಿ ಬೇರೆ ಮಾತು ತೆಗೆದೆ. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡು. ಬಂದು ಅವಳ ಹತ್ತಿರ ನೀನೇ ಮಾತಾಡು. ನೀನು ಹೇಳಿದರೆ ಕೇಳಿಕೊಳ್ಳುತ್ತಾಳೆ.

ಅಪ್ಪ


ಗುಂಡ್ಲುಪೇಟೆ
5.4.1995

ಮಗಳು ಭಾನುಗೆ,

ಜನವರಿಯಲ್ಲಿ ಬರೆದ ಕಾಗದ ಸೇರಿತೋ ಇಲ್ಲವೋ. ಸೇರಿರುತ್ತದೆ. ಎಪ್ಪತ್ಮೂರು ದಿನವಾಯಿತು.

ಯುಗಾದಿ ಆಯಿತು. ಅಂಚೆಯವನು ನಮ್ಮ ಬೀದಿ ದಾಟಿ ಹೋದ ಮೇಲೂ ನಿಮ್ಮವ್ವ ಬಾಗಿಲಲ್ಲೇ ನಿಂತಿರುತ್ತಾಳೆ. ಹಬ್ಬದ ದಿನ "ಏನಂತೆ ನನ್ ಮಗಳು?" ಎಂದು ಕೇಳಿದಳು. ನಾನು ಎರಡು ವರ್ಷದ ಹಿಂದಿನ ನಿನ್ನ ಕಾಗದ ತೆಗೆದು ಓದಿದೆ. ಇದು ಸುಳ್ಳಲ್ಲ, ನೀನು ಬರೆದದ್ದೇ. ಕೇಳಿ ಸುಮ್ಮನೆ ತಲೆಯಾಡಿಸಿದಳು.

ಈ ವರ್ಷ ಬಿಸಿಲು ಜೋರು. ಸೋಮವಾರ ಹೋಗಿ ಬಂದವಳು ರಾತ್ರಿಯೆಲ್ಲ ಮೊಣಕಾಲು ಒತ್ತಿಕೊಳ್ಳುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ. ಎರಡು ಸಾಲು ಬರೆ ಭಾನು. ಬೈದು ಬರೆದರೂ ಆದೀತು.

ಅಪ್ಪ


ಮೈಸೂರು
15.6.1995

ಭಾನು,

ತಂತಿ ಕೊಟ್ಟಿದ್ದೇನೆ, ಅದು ಸೇರಿದ್ದರೆ ನೀನು ಈಗಾಗಲೇ ಹೊರಟಿರಬೇಕು. ಹೊರಡದಿದ್ದರೆ ಇದನ್ನು ನೋಡಿಯಾದರೂ ಹೊರಡು.

ಸೋಮವಾರ ಮಧ್ಯಾಹ್ನ ನಿಮ್ಮವ್ವ ಕೊಳದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಕೈಯಲ್ಲಿ ತುಂಬಿದ ಬಿಂದಿಗೆ ಇತ್ತಂತೆ. ಹಿಂದಿನ ದಿನ ಮಳೆ ಬಂದಿತ್ತು. ಸುಂದ್ರಮ್ಮನೂ ಇನ್ನಿಬ್ಬರೂ ಎತ್ತಿಕೊಂಡು ಬಂದು ಜೀಪಿನಲ್ಲಿ ಹಾಕಿದರು. ಸೊಂಟದ ಮೂಳೆ ಮುರಿದಿದೆ. ಮೈಸೂರಿಗೆ ಕರೆತಂದಿದ್ದೇವೆ. ಆಪರೇಷನ್ ಮಾಡುವ ಮೊದಲು ಎದೆಯ ಕಫ ಇಳಿಯಬೇಕಂತೆ, ಅದು ಇಳಿಯುತ್ತಿಲ್ಲ.

ನಾನು ಓದಿದ ಸುಳ್ಳು ಕಾಗದವೇ ಅವಳನ್ನು ಬೀಳಿಸಿತು. ಅವತ್ತು ನಿಜ ಓದಿದ್ದರೆ ಮೂರು ದಿನ ಅಳುತ್ತಿದ್ದಳು, ಇವತ್ತು ಮನೆಯಲ್ಲಿ ಓಡಾಡಿಕೊಂಡಿರುತ್ತಿದ್ದಳು. ಅವಳ ಪಕ್ಕದಲ್ಲಿ ಕೂತರೆ ನನಗೆ ಇದೊಂದೇ ಯೋಚನೆ. ನಿನ್ನ ಹೆಸರು ಹಿಡಿದು ಕೇಳುತ್ತಾಳೆ. ಬಾ ತಾಯಿ.

ಅಪ್ಪ


ಲಕ್ನೋ
21.8.1995

ಅಪ್ಪನಿಗೆ,

ಅವ್ವ ಹೋಗಿ ಇವತ್ತಿಗೆ ನಲವತ್ತಮೂರು ದಿನ. ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಮಗೆ ಹೇಳಬೇಕು ಎಂದುಕೊಂಡದ್ದನ್ನು ಹೇಳಲಾಗಲಿಲ್ಲ. ಅವ್ವ ಬೇಡ ಎಂದಿದ್ದಳು. ಆದರೆ ನೀವು ಒಬ್ಬರೇ ಆ ಮನೆಯಲ್ಲಿ ಕೂತು ನಿಮ್ಮ ಸುಳ್ಳೇ ಅವಳನ್ನು ಕೊಂದಿತು ಎಂದು ಕೊರಗುತ್ತಿರುವಾಗ ನಾನು ಬಾಯಿ ಮುಚ್ಚಿಕೊಂಡಿರುವುದು ಸರಿಯಲ್ಲ. ಅವಳ ಮಾತು ಮೀರುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಅವಳ ಜೊತೆ ಇದ್ದ ಹತ್ತೊಂಬತ್ತು ದಿನಗಳಲ್ಲಿ ಮೂರನೆಯ ದಿನ, ನೀವು ಔಷಧಿ ತರಲು ಹೋಗಿದ್ದಾಗ, ನಾನು ಅವಳ ಕಾಲು ಹಿಡಿದುಕೊಂಡು ಹೇಳಿದೆ: ಅವ್ವ, ಅಪ್ಪ ಓದಿದ ಕಾಗದ ನಾನು ಬರೆದದ್ದಲ್ಲ.

ಅವಳು ನಕ್ಕಳು. ನಗಲು ಹೋಗಿ ಕೆಮ್ಮಿದಳು. "ಗೊತ್ತು ಕಣಮ್ಮಿ. ಎಂಟು ಸಾಲಿನ ಕಾಗದವ ನಾ ಒಂದು ಮೊರ ಅವರೆಕಾಯಿ ಸುಲಿಯೋಗಂಟ ಓದುದ್ರು ನಿಮ್ಮಪ್ಪ. ಅಕ್ಸರ ಬರ್ದೆ ಇರ್ಬೋದು, ಸಾಲು ಎಣ್ಸಕ್ಕೆ ಬರಲ್ವಾ ನಂಗೆ?" ಎಂದಳು. ಆ ಸೋಮವಾರವೇ ಕಾಗದವನ್ನು ಸುಂದ್ರಮ್ಮನ ಕೈಗೆ ಕೊಟ್ಟು ಓದಿಸಿದಳಂತೆ. "ಆ ಮಗ ಅತ್ಕಂಡು ಅತ್ಕಂಡು ಓದುದ್ಳು. ಯಾರ್ಗೂ ಯೋಳ್ಬ್ಯಾಡ ಅಂತ ಆಣೆ ಆಕ್ಸಿವ್ನಿ. ನೀನೂ ನಿಮ್ಮಪ್ಪನ್ಗೆ ಯೋಳ್ಬ್ಯಾಡ. ಪಾಪ, ಅಷ್ಟುದ್ದ ಸುಳ್ಳ ನಿಂತ್ ನಿಲ್ವಲ್ಲಿ ಕಟ್ಟಕ್ಕೆ ಎಷ್ಟು ಕಷ್ಟ ಬಿದ್ರೋ" ಎಂದಳು.

ಕ್ಷಮಿಸು ಎಂದು ನಾನು ಅಳುತ್ತಿದ್ದರೆ ಅವಳಿಗೆ ಅದು ಬೇಕಿರಲಿಲ್ಲ. "ಸುಮ್ಕಿರಮ್ಮಿ. ಕಿತ್ತೋಳು ನಾನು, ನೆಡೋಳೂ ನಾನೇ. ಈ ಕೈಯಿ ಎಷ್ಟು ಎಕ್ರೆ ಪೈರು ನೆಟ್ಟಿಲ್ಲ" ಎಂದಳು. ಜ್ವರದಲ್ಲಿ ಏನೋ ಹೇಳುತ್ತಿದ್ದಾಳೆ ಎಂದುಕೊಂಡೆ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮಾರನೇ ಬೆಳಗ್ಗೆ ನಾನು ಒಬ್ಬಳೇ ಕೊಳಕ್ಕೆ ಹೋದೆ. ಸುಂದ್ರಮ್ಮ ಅಲ್ಲಿಗೆ ಬಂದು ಎಲ್ಲ ಹೇಳಿದಳು. ಅಪ್ಪ, ಕಾಗದ ಓದಿಸಿದ ದಿನದಿಂದ ಅವ್ವ ಒಂದು ಸಲವೂ ಆ ಮೆಟ್ಟಿಲು ಉಜ್ಜಲಿಲ್ಲ. ನಮ್ಮ ಮನೆಯ ಬಚ್ಚಲ ಹಿಂದಿನ ಕಲ್ಲಿನಿಂದ ಪಾಚಿ ಎಬ್ಬಿಸಿಕೊಂಡು ಬಂದು, ಕಲ್ಲಿಗೆ ರಾಗಿ ಅಂಬಲಿ ಬಳಿದು, ನನ್ನ ಬಿಳಿ ಚುಕ್ಕಿಗಳ ನಡುವೆ ಒಂದೊಂದೇ ಚೂರು ಒತ್ತಿ ಒತ್ತಿ ಅಂಟಿಸುತ್ತಿದ್ದಳಂತೆ. ಬಿಂದಿಗೆಯಲ್ಲಿ ನೀರು ತಂದು ಚಿಮುಕಿಸುತ್ತಿದ್ದಳಂತೆ. ಏಪ್ರಿಲ್ ಬಿಸಿಲಿನಲ್ಲಿ ಸೆರಗು ಅಡ್ಡ ಹಿಡಿದು ಸಂಜೆಯವರೆಗೆ ಕೂತಿರುತ್ತಿದ್ದಳಂತೆ. ಒಣಗಿ ಉದುರುತ್ತಿತ್ತು. ಮುಂದಿನ ಸೋಮವಾರ ಮತ್ತೆ ತರುತ್ತಿದ್ದಳು. ಅವಳು ಜಾರಿದ್ದು ಆ ಅಂಬಲಿಯ ಮೇಲೆ.

ಹನ್ನೊಂದು ಚೌಕದಲ್ಲಿ ಬರಿ ಅಂಬಲಿಯ ಕರೆ ಇತ್ತು. ಏಳನೆಯದರಲ್ಲಿ ಮಾತ್ರ ಹಸಿರಿತ್ತು. ಹಾಳೆ ಇಟ್ಟು ಎಣಿಸಿದೆ, ಒಂಬತ್ತು ಮನೆ. ಮಸೂರದಲ್ಲಿ ನೋಡಿದೆ. ಅದು ನನ್ನ ಹಾವಸೆಯಲ್ಲ. ಪ್ರತಿ ಊರಿನ ಒದ್ದೆ ಗೋಡೆಯಲ್ಲೂ ಬೆಳೆಯುವ ಸಾಮಾನ್ಯ ಜಾತಿ. ನನ್ನ ಓದಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಇದು ಅವ್ವನಿಗೆ ಗೊತ್ತಾಗದೆ ಹೋಯಿತಲ್ಲ ಎಂದು ಮೊದಲು ಸಮಾಧಾನವಾಯಿತು. ಆಮೇಲೆ ಆ ಮೆಟ್ಟಿಲ ಮೇಲೇ ಕೂತು ಅತ್ತೆ.

ಚುಕ್ಕಿ ಇಟ್ಟ ದಿನ ಅವ್ವನೂ ಮಜ್ಜಿಗೆ ತಂಬಿಗೆ ಹಿಡಿದುಕೊಂಡು ಹಂಗಳದವರೆಗೆ ಬಂದಿದ್ದಳು. ನೆನಪಿದೆಯೇ? ಬಸ್ಸಿಳಿದ ಕೂಡಲೇ "ಏನ್ ಮಾಡಕ್ಕೆ ಓಗ್ತಿದ್ದೀರಮ್ಮಿ?" ಎಂದು ಕೇಳಿದಳು. ನಿನಗೆ ಅರ್ಥವಾಗಲ್ಲ ಬುಡವ್ವ ಎಂದು ಅವಳನ್ನು ಸುಂದ್ರಮ್ಮನ ಮನೆಯಲ್ಲೇ ಕೂರಿಸಿ ಬಂದೆ. ಅರ್ಧ ನಿಮಿಷದ ಮಾತು ಅಪ್ಪ. ಅವ್ವ, ಈ ಪಾಚಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ, ಮುಟ್ಟಬೇಡ. ಅಷ್ಟೇ ಹೇಳಬೇಕಿತ್ತು. ಅವಳಿಗೆ ಅರ್ಥವಾಗುತ್ತಿತ್ತು. ಆದ್ದರಿಂದ ಅವಳನ್ನು ಬೀಳಿಸಿದ್ದು ನೀವಲ್ಲ.

ಪ್ರಬಂಧ ಕೊಟ್ಟಿದ್ದೇನೆ. ಪದವಿ ಬರಬಹುದು. ಅದರಲ್ಲಿ ಕೊಳ ಇಲ್ಲ.

ನಿಮ್ಮಿಂದ ಒಂದು ವಿಷಯ ಬೇಕು. ನಮ್ಮಲ್ಲಿ ಯಾವ ಹಾವಸೆ ತಂದರೂ ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಟ್ಟು ಮೇಲೆ ಒಂದು ಚೀಟಿ ಬರೆಯುತ್ತೇವೆ. ಯಾವ ಊರು, ಎಂಥ ಕಲ್ಲು, ಯಾರು ತಂದರು, ಯಾವ ತಾರೀಕು. ನೂರು ವರ್ಷದ ಹಿಂದಿನ ಪೊಟ್ಟಣಗಳೂ ಇಲ್ಲಿಯ ಬೀರುಗಳಲ್ಲಿವೆ, ತಂದವರ ಹೆಸರು ಸಮೇತ. ಏಳನೇ ಚೌಕದಿಂದ ನಾನು ಒಂದು ಚಿಟಿಕೆ ತಂದಿದ್ದೇನೆ. ಊರು ಬರೆದೆ, ಕಲ್ಲು ಬರೆದೆ. ತಂದವರು ಎಂಬಲ್ಲಿ ಚಿಕ್ಕಮಾದಮ್ಮ, ಗುಂಡ್ಲುಪೇಟೆ ಎಂದು ಬರೆದೆ. ತಾರೀಕಿನ ಜಾಗ ಖಾಲಿ ಇದೆ. ಅವ್ವ ಬಚ್ಚಲ ಕಲ್ಲಿನಿಂದ ಮೊದಲು ಎಬ್ಬಿಸಿದ್ದು ಯಾವತ್ತು? ಸುಂದ್ರಮ್ಮನಿಗೆ ನೆನಪಿಲ್ಲ. ನಿಮಗೇನಾದರೂ ಗೊತ್ತಿದೆಯೇ? ಚೀಟಿಯಲ್ಲಿ ಅಂದಾಜು ಬರೆಯುವಂತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಭಾನು


ಗುಂಡ್ಲುಪೇಟೆ
3.9.1995

ಮಗಳು ಭಾನುಗೆ,

ನಿನ್ನ ಕಾಗದ ಓದಿ ಎರಡು ದಿನ ಕಚೇರಿಗೆ ಹೋಗಲಿಲ್ಲ. ಅವಳಿಗೆ ಗೊತ್ತಿತ್ತು. ಆರು ತಿಂಗಳು ಒಂದೇ ಒಲೆಯ ಮುಂದೆ ಕೂತು ಉಂಡೆವು. ನಾನು ಹಳೇ ಕಾಗದ ಓದಿ ಹೇಳಿದ್ದನ್ನೂ ಕೇಳಿಸಿಕೊಂಡಳು. ನಾನು ಅವಳನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ ಕಣಮ್ಮ. ಅವಳು ನನ್ನನ್ನು ಕಾಪಾಡಿಕೊಂಡು ಬಂದಿದ್ದಳು.

ನೀನು ಬರೆದ ಮೇಲೆ ಬಚ್ಚಲ ಹಿಂದೆ ಹೋಗಿ ನೋಡಿದೆ. ಕಲ್ಲು ಬೋಳಾಗಿದೆ. ಅದು ಬೋಳಾದದ್ದು ನನಗೆ ಆಗಲೇ ಕಂಡಿತ್ತು. ಹರಕೆಯ ಹುಚ್ಚಿನಲ್ಲಿ ಇದನ್ನೂ ಉಜ್ಜಿಬಿಟ್ಟಳು ಎಂದುಕೊಂಡು ಬೈದಿದ್ದೆ.

ತಾರೀಕು ಹೇಳುತ್ತೇನೆ, ಬರೆದುಕೋ. 1994ನೇ ಇಸವಿ ಡಿಸೆಂಬರ್ 26, ಸೋಮವಾರ. ಅಂದಾಜಲ್ಲ. ಅವತ್ತು ಅವಳು ಮೊದಲ ಸಲ ನನ್ನ ಊಟದ ಡಬ್ಬಿ ತನಗೆ ಬೇಕು ಎಂದಳು. ಡಬ್ಬಿ ತೊಳೆದು ನೀರು ಒರೆಸದೆ ಹಾಗೇ ಮುಚ್ಚಳ ಹಾಕುತ್ತಿದ್ದಳು. ಅವಳನ್ನು ಹಂಗಳದ ಬಸ್ಸು ಹತ್ತಿಸಿ ಹೋಗುವಾಗ ನನಗೆ ತಡವಾಯಿತು. ಹಾಜರಿ ಪುಸ್ತಕ ತೆಗೆಸಿ ನೋಡಿಬಂದಿದ್ದೇನೆ, ನನ್ನ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿದೆ.

ಬಸ್ಸು ತುಂಬಿತ್ತು. ಅವಳು ಮೊದಲು ಹತ್ತಿ ಸೀಟು ಹಿಡಿದು ಕಿಟಕಿಯಿಂದ ಕೈ ಚಾಚಿದಳು. "ಉಷಾರು, ಅಲುಗಾಡಿಸ್ಬ್ಯಾಡ" ಎಂದಳು. ನಾನು ಡಬ್ಬಿ ಎತ್ತಿಕೊಟ್ಟೆ. ಊಟದ ಡಬ್ಬಿ ಅಷ್ಟು ಹಗುರವಾಗಿರುವುದಿಲ್ಲ, ಕೈಗೆ ಗೊತ್ತಾಯಿತು. ನನಗೆ ಕಚೇರಿಗೆ ಹೊತ್ತಾಗಿತ್ತು. ಒಳಗೆ ಏನಿದೆ ಎಂದು ಕೇಳಲಿಲ್ಲ.

ನಿನ್ನ ಅಪ್ಪ
ಶಾಂತರಾಜು